ಚಿಕ್ಕಮ್ಮನ ಉಪ್ಪಿನಕಾಯಿಗೆ 'ಹುಬ್ಬಳ್ಳಿ' ಅಕ್ಷರ

ನಮ್ಮ ಚಿಕ್ಕಮ್ಮ ಮಾವಿನಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಬಾಟಲಿಯ ಲೇಬಲ್ ಮಾಡಿಕೊಡುವುದು ನಾನು. ಮೊದಲ ಸಲ ದಪ್ಪ ಅಚ್ಚಿನ ಅಕ್ಷರ ಹಾಕಿದ್ದೆ. ನೋಡಿದವರೆಲ್ಲ "ಯಾವ ಕಂಪನೀದು?" ಎಂದು ಕೇಳಿದರು. ಚಿಕ್ಕಮ್ಮನಿಗೆ ಬೇಜಾರಾಯಿತು. ಒಂದೊಂದೇ ಮಿಡಿ ಆರಿಸಿ, ಉಪ್ಪಿಗೆ ಹಾಕಿ, ಖಾರ ರುಬ್ಬಿದ್ದು ಅವರು, ಅಲ್ವಾ?

ಆಮೇಲೆ 'ಹುಬ್ಬಳ್ಳಿ' ಫಾಂಟ್ ಹಾಕಿದೆ. ಎರಿನ್ ಮೆಕ್‌ಲಾಫ್ಲಿನ್ ರೂಪಿಸಿದ ಇದು ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮಾರುವ ಸಾಮಾನಿನ ಮೇಲೂ ಬಳಸಬಹುದು. ಗೆರೆ ಶುರುವಿನಿಂದ ಕೊನೆಯವರೆಗೂ ಒಂದೇ ದಪ್ಪ, ಬಾಲ್‌ಪೆನ್ನಿನಲ್ಲಿ ಆರಾಮಾಗಿ ಬರೆದ ಹಾಗೆ. ಚಿಕ್ಕಮ್ಮ ಲೇಬಲ್ ನೋಡಿ, "ಇದು ನಮ್ಮನೆದು ಅನ್ನೋ ಥರ ಇದೆ ಕಣೋ" ಎಂದರು.

ಇದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಬೇರೆಯೇ ಇದೆ. ಕನ್ನಡ, ಇಂಗ್ಲಿಷ್ ಎರಡೂ ಲಿಪಿ ಇದರಲ್ಲಿವೆ, ಎರಡೂ ಒಂದೇ ಕೈಯಿಂದ ಬಂದಂತಿವೆ. ನಮ್ಮ ಬೋರ್ಡು, ಮೆನು, ಪೋಸ್ಟರ್ ನೋಡಿ. ಇಂಗ್ಲಿಷ್ ಹೆಸರಿಗೆ ಚಂದದ ಕೈಬರಹ ಹುಡುಕಿ ಹಾಕಿರುತ್ತಾರೆ. ಕೆಳಗಿನ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕಿದ್ದು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕನ್ನಡಕ್ಕೆ ಫಾಂಟೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗುಂಡುಗುಂಡಾದ 'ಬಾಲೂ ತಮ್ಮ' ಇದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ 'ಅಕಾಯ ಕನಡಕ' ಇದೆ. ಹುಡುಕುವ ಮನಸ್ಸು ಬೇಕು.

ಹಾಗಂತ ಎಲ್ಲದಕ್ಕೂ ಕೈಬರಹದ ಫಾಂಟ್ ಬೇಡ. ಒಂದು ಶಾಲೆಯ ಫೀಸಿನ ನೋಟಿಸ್ ಪೂರ್ತಿ ಇಂಥದೇ ಅಕ್ಷರದಲ್ಲಿತ್ತು. ಎರಡು ಪುಟ ಓದುವಷ್ಟರಲ್ಲಿ ಕಣ್ಣು ಸೋತಿತು. ನಿಜವಾದ ಕೈಬರಹದಲ್ಲಿ ಒಂದು 'ಅ' ಇನ್ನೊಂದರ ಹಾಗೆ ಇರುವುದಿಲ್ಲ. ಫಾಂಟಿನಲ್ಲಿ ಎಲ್ಲವೂ ಅಚ್ಚು ಹೊಡೆದಂತೆ ಒಂದೇ. ನಾಲ್ಕು ಪದದಲ್ಲಿ ಅದು ಗೊತ್ತಾಗುವುದಿಲ್ಲ, ನಲವತ್ತು ಸಾಲಿನಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ವಿಷಯ. 'ಹುಬ್ಬಳ್ಳಿ'ಗೆ ಬೋಲ್ಡ್ ಇಲ್ಲ. ಬೋಲ್ಡ್ ಬಟನ್ ಒತ್ತಿದರೆ ಸಾಫ್ಟ್‌ವೇರ್ ಗೆರೆಯನ್ನು ಸುಮ್ನೆ ಉಬ್ಬಿಸುತ್ತದೆ. ಚಿಕ್ಕ ಸೈಜಿನಲ್ಲಿ 'ಥ'ದ ಹೊಟ್ಟೆಯ ಚುಕ್ಕೆ ಮುಚ್ಚಿಹೋಗುತ್ತದೆ, 'ದ' ಯಾವುದು 'ಧ' ಯಾವುದು ತಿಳಿಯುವುದಿಲ್ಲ. ದೊಡ್ಡದಾಗಿ ಕಾಣಬೇಕಿದ್ದರೆ ಸೈಜ್ ಜಾಸ್ತಿ ಮಾಡಿ, ಸಾಕು.

ಸಾಲುಗಳ ನಡುವೆ ಜಾಗವನ್ನೂ ಬಿಡಿ. ಇಂಗ್ಲಿಷ್ ಲೆಕ್ಕದಲ್ಲಿ ಬಿಗಿ ಮಾಡಿದರೆ ನಮ್ಮ ಒತ್ತಕ್ಷರಕ್ಕೆ ಕುತ್ತು. ನಮ್ಮ ಎರಡನೇ ಕಂತಿನ ಲೇಬಲ್‌ಗಳಲ್ಲಿ 'ಪ್ಪಿ'ಯ ಒತ್ತು ಕೆಳಗಿನ ಬಣ್ಣದ ಪಟ್ಟಿಯಡಿ ಮುಚ್ಚಿಹೋಗಿ 'ಉಪಿನಕಾಯಿ' ಆಗಿತ್ತು. ಅಷ್ಟನ್ನೂ ಮತ್ತೆ ಅಚ್ಚು ಹಾಕಿಸಿದೆವು.

ಈಗ ಹೆಸರಿಗೆ ಮಾತ್ರ 'ಹುಬ್ಬಳ್ಳಿ'. ಏನೇನು ಹಾಕಿದೆ, ತೂಕ ಎಷ್ಟು ಎಂಬುದಕ್ಕೆ ನೋಟೊ ಸಾನ್ಸ್ ಎಂಬ ಸಾದಾ ಅಚ್ಚಿನ ಫಾಂಟ್. ತಾರೀಖಿನ ಜಾಗ ಖಾಲಿ. ಅಲ್ಲಿ ಚಿಕ್ಕಮ್ಮ ಪೆನ್ನಿನಲ್ಲೇ ಬರೆಯುತ್ತಾರೆ. ಕೆಲವು ಬಾಟಲಿಗಳ ಮೇಲೆ "ಖಾರ ಜಾಸ್ತಿ" ಅಂತಲೂ.