ಇಲ್ಲಿ ಎಂಬ ಎರಡಕ್ಷರ

ಸ್ಮಾರಕದ ಮುಂದೆ ನಿಲ್ಲಿಸುವ ಫಲಕದಲ್ಲಿ ಇಸವಿ ತಪ್ಪಿದರೆ ಒಬ್ಬಿಬ್ಬರು ಪ್ರಾಧ್ಯಾಪಕರು ಪತ್ರ ಬರೆದು ಸುಮ್ಮನಾಗುತ್ತಾರೆ, ಕಾಗುಣಿತ ತಪ್ಪಿದರೆ ಯಾರೂ ಬರೆಯುವುದಿಲ್ಲ. ತಪ್ಪಬಾರದ ಪದವೆಂದರೆ ‘ಇಲ್ಲಿ’ ಎಂಬುದೊಂದೇ. ಆ ಪದವನ್ನು ಶ್ರೀರಂಗಪಟ್ಟಣದಷ್ಟು ಗೋಳು ಹುಯ್ದುಕೊಂಡ ಊರು ನಮ್ಮ ನಾಡಿನಲ್ಲಿ ಇನ್ನೊಂದಿರಲಾರದು.

ಕೋಟೆಯೊಳಗೆ ಒಂದು ಪುಟ್ಟ ಕಟ್ಟೆಯ ಮೇಲೆ ಕಲ್ಲೊಂದಿದೆ. 1799ರ ಮೇ 4ರಂದು ಕಾದಾಡಿ ಮಡಿದ ಟಿಪ್ಪು ಸುಲ್ತಾನನ ಶವ ಇಲ್ಲಿ ದೊರೆಯಿತು ಎಂಬುದು ಅದರ ಸಾರಾಂಶ. ಸುಲ್ತಾನ ಹೆಣವಾಗಿ ಸಿಕ್ಕಿದ ಜಾಗವನ್ನು ಇಷ್ಟು ಕರಾರುವಾಕ್ಕಾಗಿ ಗುರುತಿಸಿದ ಊರಿನಲ್ಲಿ ಅವನು ಬದುಕಿದ್ದ ಲಾಲ್ ಮಹಲ್ ಎಲ್ಲಿದೆಯೆಂದು ಕೇಳಿದರೆ ರಂಗನಾಥಸ್ವಾಮಿ ದೇವಾಲಯದ ಸಮೀಪದ ಕಲ್ಲಿನ ಅಡಿಪಾಯವೊಂದನ್ನು ತೋರಿಸುತ್ತಾರೆ. ದ್ವೀಪದಲ್ಲಿ ಅವನದೇ ಆಗಿದ್ದ ಇನ್ನೊಂದು ಅರಮನೆಯ ತೊಲೆಗಳನ್ನು ನೋಡಬೇಕೆನ್ನುವವರು ಊಟಿಯ ಬಸ್ಸು ಹತ್ತಬೇಕು. 1830ರ ಸುಮಾರಿಗೆ ಅವು ಘಟ್ಟ ಹತ್ತಿ ಸೇಂಟ್ ಸ್ಟೀಫನ್ಸ್ ಚರ್ಚಿನ ಸೂರಿಗೆ ಆಸರೆಯಾದವು. ಅವನ ಮರದ ಹುಲಿಯಂತೂ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಬಿಳಿಯ ಸಿಪಾಯಿಯೊಬ್ಬನ ಮೇಲೆರಗಿಕೊಂಡೇ ಇದೆ. ಹೀಗಾಗಿ ‘ಇಲ್ಲಿ’ ಉಳಿದಿರುವುದು ಹೆಣದ ವಿಳಾಸ ಮಾತ್ರ.

ಹೆಸರಿಡುವ ಶಾಸ್ತ್ರದಲ್ಲೂ ಈ ಊರಿಗೆ ತನ್ನದೇ ಆದ ಸಂಪ್ರದಾಯವಿದೆ. ಲೋಕದಲ್ಲಿ ಸೆರೆಮನೆಗೆ ಕಟ್ಟಿಸಿದವನ ಹೆಸರೋ ಊರಿನ ಹೆಸರೋ ಇದ್ದರೆ ಇಲ್ಲಿ ಕೈದಿಯ ಹೆಸರಿದೆ: 1780ರಲ್ಲಿ ಪೊಳ್ಳಿಲೂರಿನಲ್ಲಿ ಸೋತು ಸೆರೆಸಿಕ್ಕು, 1782ರಲ್ಲಿ ಈ ಊರಿನಲ್ಲೇ ತೀರಿಕೊಂಡ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಕರ್ನಲ್ ಬೈಲಿಯ ಹೆಸರನ್ನು ಆ ಬಂದೀಖಾನೆ ಇಂದಿಗೂ ಹೊತ್ತಿದೆ. ಗೆದ್ದವರು ಕೂಡಿಹಾಕಿದರು, ಸೋತವನು ಮನೆಯ ಯಜಮಾನನಾದ. ಕಾವೇರಿಗೆ 1804ರಲ್ಲಿ ಸೇತುವೆ ಕಟ್ಟಿಸಿದವರು ದಿವಾನ್ ಪೂರ್ಣಯ್ಯನವರು, ಹೆಸರು ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಆ ಕಾಲದಲ್ಲಿ ದ್ವೀಪವೇ ಕಂಪನಿಯ ಸ್ವತ್ತಾಗಿತ್ತು, ಮೈಸೂರು ಸಂಸ್ಥಾನ ತನ್ನ ಹಳೆಯ ರಾಜಧಾನಿಗೆ ತಾನೇ ವರ್ಷಕ್ಕೆ 50,000 ರೂಪಾಯಿ ಬಾಡಿಗೆ ಕಟ್ಟುತ್ತಿತ್ತು. ಆ ಬಾಡಿಗೆಯ ಋಣ 1881ರಲ್ಲಿ ಹರಿಯಿತಾದರೂ ವಿನಯ ಹರಿಯಲಿಲ್ಲವೆಂಬುದಕ್ಕೆ, ಕೋಟೆಗೆ ಲಗ್ಗೆಯಿಟ್ಟು ಮಡಿದ ಆಂಗ್ಲ ಸೈನ್ಯದವರ ನೆನಪಿಗಾಗಿ ಮೈಸೂರು ಸರ್ಕಾರವೇ 1907ರಲ್ಲಿ ನಿಲ್ಲಿಸಿದ ಸ್ತಂಭವು ಸಾಕ್ಷಿಯಾಗಿದೆ.

ಇಷ್ಟೆಲ್ಲವೂ ಹಿಂದಿನವರ ತಮಾಷೆ. ನಮ್ಮ ಕಾಲದ ಕೊಡುಗೆ ಇದಕ್ಕಿಂತ ಗಂಭೀರವಾದುದು. ಬೆಂಗಳೂರು–ಮೈಸೂರು ಜೋಡಿ ರೈಲು ಮಾರ್ಗಕ್ಕೆ ಟಿಪ್ಪುವಿನ ಶಸ್ತ್ರಾಗಾರವೊಂದು ಅಡ್ಡ ಬಂದು, ಕಾಮಗಾರಿ ವರ್ಷಗಟ್ಟಲೆ ನಿಂತು, ಕೊನೆಗೆ 2017ರಲ್ಲಿ ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಎತ್ತಿ ನೂರು ಮೀಟರಿನಷ್ಟು ಆಚೆಗೆ ಜರುಗಿಸಲಾಯಿತು. ಒಡೆಯದೆ ಉಳಿಸಿದರೆಂಬುದು ನಿಜವಾಗಿಯೂ ಮೆಚ್ಚತಕ್ಕ ಸಂಗತಿ. ಆ ಎಂಜಿನಿಯರುಗಳಿಗೆ ನನ್ನ ನಮಸ್ಕಾರವಿದೆ. ಆದರೆ ಫಲಕ ಬರೆಯುವವನ ಪಾಡನ್ನೂ ಯೋಚಿಸಬೇಕಲ್ಲ! ‘ಟಿಪ್ಪು ಇಲ್ಲಿ ಮದ್ದುಗುಂಡು ಇಡುತ್ತಿದ್ದನು’ ಎಂದು ಕಟ್ಟಡದ ಮುಂದೆ ಬರೆದರೆ ಜಾಗ ಸುಳ್ಳಾಗುತ್ತದೆ, ಜಾಗದಲ್ಲಿ ಬರೆದರೆ ರೈಲು ಹಾಯುತ್ತದೆ.

ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದಾಗಿ ಏನನ್ನೂ ಕಟ್ಟಕೂಡದು, ಆಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟಕೂಡದು, ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷ ಸೆರೆ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಎಂದು ಕಾನೂನು ಕಟ್ಟುನಿಟ್ಟಾಗಿ ಅಳತೆ ಹಾಕಿದೆ. ಇಷ್ಟು ಜತನದಿಂದ ಅಳೆದ ಸರ್ಕಾರವೇ 2022ರ ಡಿಸೆಂಬರಿನಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸಂರಕ್ಷಿತ ಸ್ಮಾರಕಗಳ ಪೈಕಿ 50 ಕಾಣೆಯಾಗಿವೆಯೆಂದು ಒಪ್ಪಿಕೊಂಡಿತು. ಕೆಲವು ನಗರದ ಹೊಟ್ಟೆಯೊಳಗೆ, ಕೆಲವು ಅಣೆಕಟ್ಟಿನ ನೀರಿನೊಳಗೆ, 24 ಮಾತ್ರ ಎಲ್ಲಿಯೂ ಇಲ್ಲ. ಆ 24ರಲ್ಲಿ ವಾರಾಣಸಿಯ ಖಜಾನೆ ಕಟ್ಟಡದ ಮೇಲಿನ ಫಲಕವೂ ಒಂದು. ಓದುಗರು ದಯವಿಟ್ಟು ಗಮನಿಸಬೇಕು: ಕಾಣೆಯಾದದ್ದು ಕಟ್ಟಡವಲ್ಲ, ಫಲಕವೇ ಅಲ್ಲಿ ಸಂರಕ್ಷಿತ ಸ್ಮಾರಕವಾಗಿತ್ತು. ನೂರು ಮೀಟರನ್ನು ಎಲ್ಲಿಂದ ಅಳೆಯಬೇಕೆಂದು ತಿಳಿಸಬೇಕಾದ ವಸ್ತುವೇ ಹೊರಟುಹೋದ ಮೇಲೆ ಟೇಪು ಹಿಡಿದು ನಿಂತ ಅಧಿಕಾರಿ ಯಾವ ಮೊಳೆಗೆ ಅದನ್ನು ಸಿಕ್ಕಿಸಬೇಕು?

ಆದುದರಿಂದ ಶ್ರೀರಂಗಪಟ್ಟಣದಲ್ಲಿ ಮುಂದೆ ನಿಲ್ಲಿಸುವ ಫಲಕಗಳ ಬಗ್ಗೆ ನನ್ನದೊಂದು ಅಗ್ಗದ ಸಲಹೆಯಿದೆ. ಹೆಸರು, ಇಸವಿ, ದಂಡದ ಮೊತ್ತ ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿಸಲಿ. ‘ಇಲ್ಲಿ’ ಎಂಬ ಎರಡಕ್ಷರವನ್ನು ಮಾತ್ರ ಸೀಮೆಸುಣ್ಣದಲ್ಲಿ ಬರೆಯಿಸಿ, ಒರೆಸುವುದಕ್ಕೊಂದು ಒದ್ದೆಬಟ್ಟೆಯನ್ನು ಪಕ್ಕದಲ್ಲೇ ನೇತುಹಾಕಲಿ.