ಹೊಗೆಗೆ ರೇಟ್ ಕಟ್ಟಿದ್ರೆ ಹೊಸ ಟೆಕ್ನಾಲಜಿ ತಾನಾಗೇ ಬರತ್ತಾ?

ಇಂಡಿಯಾದಲ್ಲೂ ಕಾರ್ಬನ್ ಟ್ರೇಡಿಂಗ್ (ಕಂಪನಿಗಳು ಬಿಡೋ ಕಾರ್ಬನ್ ಡೈಆಕ್ಸೈಡ್‌ಗೆ ರೇಟ್ ಕಟ್ಟಿ, ಅದರ ಪರ್ಮಿಟ್ ಇಲ್ಲಾ ಸರ್ಟಿಫಿಕೇಟ್ ಕೊಂಡು ಮಾರೋದು) ಬರ್ತಿದೆ, ಇನ್ನೇನು ನಮ್ಮಲ್ಲೂ ಯುರೋಪ್ ಥರಾನೇ ಅಂತ ಬರೆಯೋರನ್ನ ಯುರೋಪ್‌ನಲ್ಲಿ ಕೂತ್ಕೊಂಡು ಓದ್ತಿದ್ರೆ ಸ್ವಲ್ಪ ಕಿರಿಕಿರಿ ಆಗತ್ತೆ. ಹೆಸರು ಒಂದೇ ಇರಬಹುದು, ಲೆಕ್ಕ ಬೇರೆ. ಇಲ್ಲಿ 2005ರಿಂದ ಇರೋದು ಒಟ್ಟು ಇಷ್ಟೇ ಟನ್ ಹೊಗೆ ಅನ್ನೋ ಮಿತಿ, ಅದೂ ವರ್ಷ ವರ್ಷ ಇಳೀತಾ ಹೋಗತ್ತೆ. 2023ರಲ್ಲಿ ನೋಟಿಫೈ ಆದ ನಮ್ಮ ಸ್ಕೀಮ್ ಒಂದು ಟನ್ ಮಾಲಿಗೆ ಎಷ್ಟು ಹೊಗೆ ಅಂತ ನೋಡತ್ತೆ, ಪ್ರೊಡಕ್ಷನ್ ಡಬಲ್ ಆದ್ರೂ ಕೇಳೋರಿಲ್ಲ. ಬೆಳೀತಿರೋ ದೇಶಕ್ಕೆ ಅದು ತಪ್ಪು ಅಂತ ನಾನು ಹೇಳ್ತಿಲ್ಲ.

ನನ್ನ ತಕರಾರು ಇನ್ನೊಂದು. ರೇಟ್ ಕಮ್ಮಿ ಇದ್ರೆ ಕಂಪನಿಗಳು ಇರೋ ಮಷೀನನ್ನೇ ಅಲ್ಲಿಲ್ಲಿ ರಿಪೇರಿ ಮಾಡಿ ಸುಮ್ನಾಗ್ತಾರೆ. ಇಲ್ಲೂ 2008ರ ಆರ್ಥಿಕ ಕುಸಿತ ಆದ್ಮೇಲೆ ಹೊಗೆ ಬಿಡೋ ಪರ್ಮಿಟ್‌ಗಳು ರಾಶಿ ಬಿದ್ದು 2013ರಲ್ಲಿ ರೇಟ್ ಟನ್‌ಗೆ 5 ಯೂರೋಗಿಂತ ಕೆಳಗೆ ಹೋಗಿತ್ತು, 2019ರಿಂದ ಹೆಚ್ಚುವರಿ ಪರ್ಮಿಟ್‌ಗಳನ್ನ ಮಾರ್ಕೆಟ್‌ನಿಂದ ಹೊರಗಿಡೋಕೆ ಶುರು ಮಾಡಿದ್ರು, 2023ರ ಫೆಬ್ರವರಿಲಿ 100 ಯೂರೋ ಮುಟ್ಟಿತು.

ಆದ್ರೆ 100 ಯೂರೋನೂ ಎಲ್ಲಾ ಕೆಲಸ ಮಾಡಲ್ಲ. ಸಿಮೆಂಟ್ ತಗೊಳ್ಳಿ, ಸುಣ್ಣದಕಲ್ಲು ಕಾಯ್ಸಿದ್ರೆ ಆ ಕಲ್ಲಿಂದಾನೇ ಕಾರ್ಬನ್ ಡೈಆಕ್ಸೈಡ್ ಬರತ್ತೆ, ಅರ್ಧಕ್ಕಿಂತ ಜಾಸ್ತಿ ಅದೇ, ಕಲ್ಲಿದ್ದಲು ಬಿಟ್ಟು ಬೇರೆ ಏನು ಉರಿಸಿದ್ರೂ ಆ ಪಾಲು ಹೋಗಲ್ಲ. ಒಂದೋ ಆ ಗ್ಯಾಸ್ ಹೊರಗೆ ಹೋಗೋ ಮುಂಚೆ ಹಿಡೀಬೇಕು, ಇಲ್ಲಾ ಸಿಮೆಂಟಿನ ಕೆಮಿಸ್ಟ್ರಿನೇ ಬದಲಾಗ್ಬೇಕು. ನಾರ್ವೆಯ ಬ್ರೆವಿಕ್‌ನಲ್ಲಿ 2025ರಲ್ಲಿ ಶುರುವಾದ ಪ್ಲಾಂಟ್ ವರ್ಷಕ್ಕೆ 4 ಲಕ್ಷ ಟನ್ ಹಿಡಿಯೋಕೆ ಕಟ್ಟಿರೋದು, ಆದ್ರೆ ಖರ್ಚಿನ ಬಹುಪಾಲು ಸರ್ಕಾರದ್ದು. (ಇದನ್ನ ಮಾರ್ಕೆಟ್ ಭಕ್ತರು ಹೇಳೋದೇ ಇಲ್ಲ!) ಯುರೋಪ್‌ನಲ್ಲಿ ಪರ್ಮಿಟ್ ಹರಾಜಿನ ದುಡ್ಡಲ್ಲೇ, ಹೊಸ ಟೆಕ್ನಾಲಜಿಗೆ ನೆರವು ಕೊಡೋ ಇನ್ನೋವೇಷನ್ ಫಂಡ್ ನಡೀತಿದೆ. ನಮ್ಮಲ್ಲಿ ಟಾರ್ಗೆಟ್ ಮೀರಿಸಿದೋರಿಗೆ ಸರ್ಟಿಫಿಕೇಟ್ ಸಿಗತ್ತೆ, ಅವರು ಅದನ್ನ ಹಿಂದೆ ಬಿದ್ದೋರಿಗೆ ಮಾರ್ತಾರೆ, ಹರಾಜಿಲ್ಲ ಅಂದ್ಮೇಲೆ ಆ ಥರದ ಫಂಡಿಗೆ ದುಡ್ಡು ಎಲ್ಲಿಂದ?

ಇನ್ನು ಟೈಮ್. ಇಲ್ಲಿ ಈ ಸ್ಕೀಮಲ್ಲಿರೋ ಕಂಪನಿಗಳು 2030ಕ್ಕೆ ಒಟ್ಟು ಹೊಗೆನ 2005ಕ್ಕಿಂತ 62% ಇಳಿಸ್ಬೇಕು ಅಂತ ಮೊದಲೇ ಗೊತ್ತು. ನಮ್ಮ ಮೊದಲ ಟಾರ್ಗೆಟ್‌ಗಳು 2025-26, 2026-27ಕ್ಕೆ ಮಾತ್ರ. ಒಂದು ಸಲ ಕಟ್ಟಿದ್ರೆ ದಶಕಗಟ್ಟಲೆ ಓಡೋ ಕಿಲ್ನ್‌ಗೆ (ಸಿಮೆಂಟ್ ಕುಲುಮೆಗೆ) ದುಡ್ಡು ಹಾಕೋನು ಎರಡು ವರ್ಷದ ನಂಬರ್ ನೋಡ್ಕೊಂಡು ಹೊಸ ಟೆಕ್ನಾಲಜಿ ಮೇಲೆ ಬಾಜಿ ಕಟ್ತಾನಾ? ಕನಿಷ್ಠ ಹತ್ತು ವರ್ಷದ ದಾರಿನಾದ್ರೂ ಈಗ್ಲೇ ಬರೆದು ಕೊಡ್ಲಿ, ರೇಟ್ ಎಷ್ಟಾಗತ್ತೆ ಅನ್ನೋದು ಆಮೇಲಿನ ಮಾತು.