ಮಂಚದ ಕೆಳಗಿನ ಹುಲಿ

ಕಳ್ಳರು ಹೆದರಲೆಂದು ನಾಯಿ ಸಾಕುವವರಿದ್ದಾರೆ. ನಾನು ತಂದ ನಾಯಿ ಕಳ್ಳರಿರಲಿ, ಕುಕ್ಕರಿನ ಸೀಟಿಗೂ ಹೆದರುತ್ತದೆ. ರಸ್ತೆಯಲ್ಲಿ ಗಾಯಗೊಂಡು ಬಿದ್ದಿದ್ದ ಅದನ್ನು ನಮ್ಮ ಬಡಾವಣೆಯ ಹುಡುಗರು ಎತ್ತಿ ತಂದು ಆರೈಕೆ ಮಾಡಿದ್ದರು. ಒಪ್ಪಿಸುವಾಗ, "ಸ್ವಲ್ಪ ಸಂಕೋಚದ ಸ್ವಭಾವ" ಎಂದರು. ಮದುವೆ ದಲ್ಲಾಳಿಗಳ ಮಾತಿನಂತೆ ಅದನ್ನೂ ಅರ್ಧ ಮಾತ್ರ ನಂಬಿದೆ. ಪೂರ್ತಿ ನಂಬಬೇಕಿತ್ತು.

ಹೆಸರಿನಿಂದಾದರೂ ಧೈರ್ಯ ಬರಲೆಂದು 'ಹುಲಿ' ಎಂದು ಕರೆದೆವು. ಹುಲಿ ನೇರವಾಗಿ ಅವ್ವನ ಮಂಚದ ಕೆಳಗೆ ಹೋಯಿತು. ರಾತ್ರಿ ಇಟ್ಟ ತಟ್ಟೆ ಬೆಳಿಗ್ಗೆ ಖಾಲಿಯಾಗಿರುತ್ತಿತ್ತು. ಅದು ಮನೆಯಲ್ಲಿದೆ ಎನ್ನುವುದಕ್ಕೆ ಅದೊಂದೇ ಸಾಕ್ಷಿ. ಗೇಟಿಗೆ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕ ಹಾಕಿದ ಮೇಲೆ ಹಾಲಿನವನು ಮೂರು ದಿನ ನೋಡಿ, ನಾಲ್ಕನೆಯ ದಿನ ಕೇಳಿದ: "ಸರ್, ನಾಯಿ ಯಾವಾಗ ತರುತ್ತೀರಿ?"

ಎಲ್ಲಕ್ಕಿಂತ ದೊಡ್ಡ ತೊಂದರೆ ರೊಟ್ಟಿಯದು. ಹೆಂಡತಿ ಒಂದೊಂದು ಸಲ ರೊಟ್ಟಿ ಬಡಿದಾಗಲೂ ಮಂಚದ ಕೆಳಗೆ ಹುಲಿ ಗಡಗಡ ನಡುಗುತ್ತಿತ್ತು. ಕಲಬುರಗಿಯ ಮನೆಯಲ್ಲಿ ರೊಟ್ಟಿ ಬಡಿಯಬಾರದೆಂದರೆ ಹೇಗೆ? ಆದರೂ ವಾರವಿಡೀ ಚಪಾತಿ ತಿಂದೆವು. ಎಂಟನೆಯ ದಿನ ಅವ್ವ, "ನಾಯಿಗೋಸ್ಕರ ನಾನು ಜೋಳ ಬಿಡಬೇಕೇನು?" ಎಂದು ತಾನೇ ಹಿಟ್ಟು ಕಲಸಿ ಕುಳಿತಳು. ಮೊದಲ ರೊಟ್ಟಿಯ ಚೂರನ್ನು ಆರಿಸಿ ಮಂಚದ ಕೆಳಗೆ ಎಸೆದಳು. ಒಂದು ತಿಂಗಳಾಗುವಷ್ಟರಲ್ಲಿ ರೊಟ್ಟಿಯ ಸದ್ದಿಗೆ ಮಂಚದ ಅಂಚಿನಿಂದ ಒಂದು ಕಪ್ಪು ಮೂಗು ಹೊರಬರತೊಡಗಿತು. ಮೂಗು ಮಾತ್ರ.

ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷವಂತೆ, ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತವಂತೆ. ವೈದ್ಯರು ಹೇಳಿದ ಮೇಲೆ ಅದರ ಅಡುಗೆ ಬೇರೆಯಾಯಿತು. ಪಕ್ಕದ ಮನೆಯ ಅಕ್ಕ, "ಹುಲಿ ಏನಾದರೂ ವ್ರತ ಹಿಡಿದಿದೆಯೇ?" ಎಂದು ಕೇಳಿದರು. ಅದರ ಕಿವಿಯ ತುದಿ ಕತ್ತರಿಸಿದ್ದು ನೋಡಿ, "ಪಾಪ, ಯಾವ ನಾಯಿ ಕಚ್ಚಿತು?" ಎಂದೂ ಕೇಳಿದರು. ಸಂತಾನಹರಣ ಚಿಕಿತ್ಸೆ ಆಗಿರುವ ಬೀದಿನಾಯಿಗೆ ಇಡುವ ಗುರುತು ಅದು ಎಂದು ವಿವರಿಸಿದೆ. ಅವರು ತಟ್ಟನೆ ಸೆರಗು ಸರಿಪಡಿಸಿಕೊಂಡು ಮಾತು ಬದಲಿಸಿದರು.

ಹುಚ್ಚುನಾಯಿ ರೋಗದ ಚುಚ್ಚುಮದ್ದು ವರ್ಷಕ್ಕೊಮ್ಮೆ ಹಾಕಿಸಲೇಬೇಕು. ಹುಲಿಯನ್ನು ಟವಲಿನಲ್ಲಿ ಸುತ್ತಿ ಆಟೊದಲ್ಲಿ ಒಯ್ದೆ. ಪಶು ಆಸ್ಪತ್ರೆಯ ಜಗಲಿಯಲ್ಲಿ ಒಂದು ಆಡು ಸುಮ್ಮನೆ ಇತ್ತ ನೋಡಿತು. ನಮ್ಮದು ನನ್ನ ಅಂಗಿಯೊಳಗೆ ತಲೆ ತೂರಿಸಿತು. ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು: "ಹುಲಿ ಯಾರದು? ಹುಲಿ ಬರಲಿ!" ಎಮ್ಮೆ ಹಿಡಿದವರೂ ದಾರಿ ಬಿಟ್ಟು ಸರಿದರು. ನಾನು ಟವಲಿನ ಗಂಟು ಹೊತ್ತು ಎದ್ದಾಗ ಅಲ್ಲಿ ಎದ್ದ ನಗುವನ್ನು ಬರೆಯಲಾರೆ.

ಇನ್ನು ವಾಯುವಿಹಾರ. ಬೇಸಿಗೆಯಲ್ಲಿ ಡಾಂಬರು ಅದರ ಪಾದ ಸುಡುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲೆ ಏಳು ಎಣಿಸುವವರೆಗೆ ಇಟ್ಟು ನೋಡಬೇಕು, ನಮಗೆ ತಾಳಲಾಗದಿದ್ದರೆ ಅದಕ್ಕೂ ಆಗದು. ಒಂದು ಸಂಜೆ ಶರಣಬಸವೇಶ್ವರ ಕೆರೆಯ ಹತ್ತಿರ ಹೀಗೆ ಕುಕ್ಕರಗಾಲಿನಲ್ಲಿ ಕುಳಿತು ಎಣಿಸುತ್ತಿದ್ದಾಗ ಹುಡುಗನೊಬ್ಬ ಬೈಕು ನಿಲ್ಲಿಸಿ, "ಕಾಕಾ, ಏನು ಕಳೆದುಕೊಂಡಿರಿ?" ಎಂದ. ಮರ್ಯಾದೆ ಎನ್ನಲು ಬಾಯಿ ಬರಲಿಲ್ಲ. ಅದೇ ಹೊತ್ತಿಗೆ ಹುಲಿ ತನ್ನ ಕೆಲಸ ಮುಗಿಸಿತ್ತು. ಹಳೆಯ ಪತ್ರಿಕೆಯಿಂದ ಅದನ್ನು ಎತ್ತುತ್ತಿದ್ದ ನನ್ನನ್ನು ಹುಡುಗ ಹೋಗುತ್ತ ಎರಡು ಸಲ ತಿರುಗಿ ನೋಡಿದ.

ಮೇ ತಿಂಗಳ ಒಂದು ಮಧ್ಯಾಹ್ನ ವಿದ್ಯುತ್ ಹೋಯಿತು. ಮನೆಯೆಲ್ಲ ಕಾದ ಹಂಚು. ತಂಪಾಗಿದ್ದುದು ಅವ್ವನ ಮಂಚದ ಕೆಳಗಿನ ಶಹಾಬಾದ್ ಪರ್ಸಿ ಕಲ್ಲಿನ ನೆಲ ಮಾತ್ರ. ಅದು ಹುಲಿಗೆ ಮೊದಲ ದಿನವೇ ಗೊತ್ತಾಗಿತ್ತು. ನಾನೂ ತೆವಳಿಕೊಂಡು ಒಳಗೆ ಹೋದೆ. ಹುಲಿ ಒಂದು ಕಣ್ಣು ತೆರೆದು, ಒಂದು ಗೇಣು ಸರಿದು ಜಾಗ ಬಿಟ್ಟಿತು. ಆಗಲೇ ಬಾಗಿಲಲ್ಲಿ ಪಕ್ಕದ ಮನೆಯ ಅಕ್ಕನ ಧ್ವನಿ. ಮಂಚದ ಮೇಲಿನಿಂದ ಅವ್ವ ಹೇಳಿದಳು:

"ಇಬ್ಬರೂ ಕೆಳಗಿದ್ದಾರೆ. ಮೆಲ್ಲಗೆ ಮಾತನಾಡವ್ವ, ಹೆದರುತ್ತಾರೆ."